ಲಸಿಕೆ ಬಗ್ಗೆ ಡಾಕ್ಟರನ್ನು ಕೇಳೋಕೆ ಹಿಂಜರಿಕೆ ಯಾಕೆ?

ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಾದು ಒಳಗೆ ಹೋದರೆ ಸಿಗುವುದು ಐದೇ ನಿಮಿಷ. ಅಷ್ಟರಲ್ಲಿ ತೂಕ, ಚುಚ್ಚುಮದ್ದು, ಅಳು ಎಲ್ಲ ಮುಗಿದಿರುತ್ತದೆ. ಮನಸ್ಸಿನಲ್ಲಿದ್ದ ಅನುಮಾನ ಮಾತ್ರ ಹಾಗೇ ಮನೆಗೆ ವಾಪಸ್ಸು! ಆಮೇಲೆ ಅದಕ್ಕೆ ಉತ್ತರ ಕೊಡೋದು ವಾಟ್ಸಾಪ್. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ಎಷ್ಟೋ ಅಮ್ಮಂದಿರು ಗಾಬರಿಯಾಗಿದ್ದು ಇಂಥ ಸಂದೇಶಗಳಿಂದಲೇ.

ಹೋಗುವ ಮೊದಲೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ. "ಭಯ ಆಗುತ್ತೆ ಡಾಕ್ಟ್ರೇ" ಅಂದರೆ ಸಾಲದು, ಯಾವುದರ ಭಯ ಅಂತ ಹೇಳಿ. ಕಳೆದ ಸಲ ಜ್ವರ ಎಷ್ಟು ಏರಿತ್ತು, ಎಷ್ಟು ಹೊತ್ತು ಅತ್ತಿತ್ತು, ಫಿಟ್ಸ್ ಬಂದಿತ್ತಾ ಎಂಬುದು ಅವರಿಗೆ ಗೊತ್ತಾಗಲೇಬೇಕು.

"ಎಂಎಂಆರ್ ಹಾಕಿಸಿದ್ರೆ ಆಟಿಸಂ ಬರುತ್ತಂತೆ" ಅಂತ ಪಕ್ಕದ ಮನೆಯವರು ಹೇಳಿದ್ದರೆ ಅದನ್ನೂ ಕೇಳಿ, ಸಂಕೋಚ ಬೇಡ. ಆ ಗಾಳಿಮಾತಿಗೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

"ನೋವಿಲ್ಲದ್ದು ಹಾಕ್ಲಾ?" ಅಂತ ಡಾಕ್ಟರ್ ಕೇಳಿದರೆ ಬೆಲೆ ಮಾತ್ರ ವಿಚಾರಿಸಿ ಸುಮ್ಮನಾಗಬೇಡಿ. ಅದರಲ್ಲಿ ಜ್ವರ, ಊತ ಕಡಿಮೆ ನಿಜ. ಆದರೆ ನಾಯಿಕೆಮ್ಮಿನಿಂದ ಸಿಗುವ ರಕ್ಷಣೆ ಬೇಗ ಇಳಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುವ ಪೆಂಟಾವೇಲೆಂಟ್ ಕಳಪೆಯೇನಲ್ಲ.

ಡೋಸ್ ತಪ್ಪಿದ್ದರೆ, ಬೈತಾರೇನೋ ಅಂತ ಇನ್ನಷ್ಟು ಮುಂದೂಡಬೇಡಿ. ಸಾಮಾನ್ಯವಾಗಿ ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ. ಬೈಯುವವರೇ ಆದರೆ? ಸಮಾಧಾನವಾಗಿ ಮಾತಾಡುವ ಬೇರೆ ಡಾಕ್ಟರನ್ನು ಹುಡುಕಿ, ಲಸಿಕೆ ಮಾತ್ರ ಬಿಡಬೇಡಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಎಷ್ಟು ಅಂತ ಮಗುವಿನ ತೂಕಕ್ಕೆ ತಕ್ಕಂತೆ ಬರೆಸಿಕೊಂಡೇ ಹೊರಡಿ.