ಮಕ್ಕಳ ಆರೋಗ್ಯ ತಪಾಸಣೆಯಲ್ಲಿ ಒಪ್ಪಿಗೆ ಯಾರದು?

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಚೆಟ್ಟಳ್ಳಿಯನ್ನು ಬೆಳೆಗಾರರು ಕಾಫಿ ಸಂಶೋಧನಾ ಉಪಕೇಂದ್ರದ ಮತ್ತು ತೋಟಗಾರಿಕಾ ಪ್ರಯೋಗ ಕೇಂದ್ರದ ಊರೆಂದು ಬಲ್ಲರು. ಗಿಡದ ಎಲೆ, ಬೇರು, ಕಾಯಿಗಳನ್ನು ಕ್ರಮ ತಪ್ಪದೆ ಪರೀಕ್ಷಿಸುವ ಆ ಸಂಸ್ಥೆಗಳ ಸುತ್ತಲಿನ ತೋಟಗಳಲ್ಲಿ ಬೆಳೆಯುವ ಮಕ್ಕಳಿಗೂ ಅಂಗನವಾಡಿಯಲ್ಲಿ ಮತ್ತು ಶಾಲೆಯಲ್ಲಿ ಕ್ರಮವಾದ ಒಂದು ಪರೀಕ್ಷೆ ಉಂಟು. ಗಿಡವನ್ನು ಮುಟ್ಟುವಾಗ ಯಾರ ಒಪ್ಪಿಗೆಯೂ ಬೇಕಿಲ್ಲ. ಮಗುವಿನ ಅಂಗಿ ಬಿಚ್ಚಿಸುವಾಗ ಬೇಕು. ಅದನ್ನು ಯಾರು ಕೊಡಬೇಕು, ಯಾವಾಗ ಮತ್ತು ಯಾವ ಭಾಷೆಯಲ್ಲಿ ಕೇಳಬೇಕು ಎಂಬ ಪ್ರಶ್ನೆಗಳನ್ನು ನಮ್ಮ ಆರೋಗ್ಯ ವ್ಯವಸ್ಥೆಯು ಬಹುಮಟ್ಟಿಗೆ ರೂಢಿಗೆ ಬಿಟ್ಟುಕೊಟ್ಟಿದೆ.

ಈ ತಪಾಸಣೆಯ ಈಗಿನ ರೂಪವು 2013ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮದೋಷ, ಪೋಷಕಾಂಶಗಳ ಕೊರತೆ, ಬಾಲ್ಯದ ಕಾಯಿಲೆ ಹಾಗೂ ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಗುಂಪುಗಳಿಗೆ ಸೇರಿದ 30 ಸಮಸ್ಯೆಗಳನ್ನು ಆದಷ್ಟು ಬೇಗ ಗುರುತಿಸುವುದು ಅದರ ಉದ್ದೇಶವಾಗಿದ್ದು, ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಭೇಟಿ ಕೊಡಬೇಕೆಂಬುದು ನಿಯಮ. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ ಹಾಗೂ ಒಬ್ಬ ಔಷಧ ವಿತರಕರು ಇರಬೇಕು. ವೈದ್ಯರಲ್ಲಿ ಒಬ್ಬರು ಗಂಡು, ಒಬ್ಬರು ಹೆಣ್ಣು ಆಗಿರಬೇಕು ಎಂದು ಮಾರ್ಗಸೂಚಿಯೇ ಹೇಳುತ್ತದೆ. ಮಕ್ಕಳ ಸಂಕೋಚವನ್ನು ಯೋಜನೆ ರೂಪಿಸಿದವರು ಮರೆತಿರಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ತಪಾಸಣೆಯೆಂಬುದು ರೋಗನಿರ್ಣಯವಲ್ಲ, ಮೇಲ್ನೋಟಕ್ಕೆ ಆರೋಗ್ಯವಾಗಿರುವ ನೂರಾರು ಮಕ್ಕಳಲ್ಲಿ ಹೆಚ್ಚಿನ ಪರೀಕ್ಷೆ ಬೇಕಾದ ಕೆಲವರನ್ನು ಜರಡಿ ಹಿಡಿದು ತೆಗೆಯುವ ಕೆಲಸ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಕಾಯಿಲೆಯೆಂದು ಆಸ್ಪತ್ರೆಗೆ ಹೋದ ತಾಯಿ ತಾನಾಗಿ ಪರೀಕ್ಷೆಯನ್ನು ಬಯಸಿ ಹೋಗಿರುತ್ತಾಳೆ. ತಪಾಸಣೆಯಲ್ಲಿ ವ್ಯವಸ್ಥೆಯೇ ಮಗುವಿನ ಬಳಿಗೆ ಬಂದಿರುತ್ತದೆ. ಆದ್ದರಿಂದ ಕೇಳುವ ಹೊಣೆ ವ್ಯವಸ್ಥೆಯ ಮೇಲೆ ಹೆಚ್ಚು.

ಮುಟ್ಟದೆ, ನೋಡದೆ ತಪಾಸಣೆ ಮಾಡಲಾಗದೇ ಎಂಬ ಪಾಲಕರ ಪ್ರಶ್ನೆ ಸಹಜವಾದದ್ದೇ. ರಕ್ತಹೀನತೆಯ ಸುಳಿವು ಕೆಳರೆಪ್ಪೆಯ ಒಳಬದಿಯಲ್ಲಿ, ನಾಲಿಗೆಯಲ್ಲಿ, ಉಗುರಿನಲ್ಲಿ ಸಿಗುತ್ತದೆ. ಅದಕ್ಕೆ ಅಂಗಿ ಬಿಚ್ಚಬೇಕಿಲ್ಲ. ಹೃದಯದ ಕವಾಟದಲ್ಲಿ ದೋಷವಿದ್ದಾಗ ಕೇಳುವ ಹೆಚ್ಚುವರಿ ಶಬ್ದವನ್ನು ಗುರುತಿಸಲು ಮಾತ್ರ ಸ್ಟೆತಸ್ಕೋಪು ಎದೆಯ ಚರ್ಮವನ್ನೇ ಮುಟ್ಟಬೇಕು, ಬಟ್ಟೆಯ ಸರಸರ ಸದ್ದಿನಲ್ಲಿ ಆ ಕ್ಷೀಣ ಶಬ್ದ ಕಳೆದುಹೋಗುತ್ತದೆ. ಸ್ಟೆತಸ್ಕೋಪು ಹುಟ್ಟಿದ್ದೇ ಸಂಕೋಚದಿಂದ ಎಂಬುದು ವೈದ್ಯಕೀಯ ಇತಿಹಾಸದ ಸ್ವಾರಸ್ಯ: 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್, ಯುವತಿಯೊಬ್ಬಳ ಎದೆಗೆ ಕಿವಿಯಿಟ್ಟು ಕೇಳುವುದು ಸಭ್ಯವಲ್ಲವೆನಿಸಿ ಕಾಗದವನ್ನು ಕೊಳವೆಯಂತೆ ಸುತ್ತಿ ಆಲಿಸಿದಾಗ ಶಬ್ದವು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ರೋಗಿಯ ಮಾನವನ್ನು ಕಾಯಹೊರಟ ವೈದ್ಯನಿಗೆ ಉತ್ತಮವಾದ ಉಪಕರಣವೇ ದೊರೆತಂತಾಯಿತು.

ಸಂಕೋಚದ ಹೆಸರಿನಲ್ಲಿ ಪರೀಕ್ಷೆಯನ್ನೇ ಕೈಬಿಟ್ಟರೆ ಆಗುವ ನಷ್ಟಕ್ಕೆ ಗಂಡುಮಕ್ಕಳಲ್ಲಿ ಕಾಣುವ ವೃಷಣದ ಅವರೋಹಣ ದೋಷವು ಒಳ್ಳೆಯ ಉದಾಹರಣೆ. ಗರ್ಭದಲ್ಲಿ ಹೊಟ್ಟೆಯೊಳಗೆ ರೂಪುಗೊಳ್ಳುವ ವೃಷಣಗಳು ಹುಟ್ಟುವ ಹೊತ್ತಿಗೆ ಚೀಲಕ್ಕೆ ಇಳಿದಿರಬೇಕು. ತಿಂಗಳು ತುಂಬಿ ಹುಟ್ಟಿದ ಗಂಡುಶಿಶುಗಳಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಒಂದಾದರೂ ಇಳಿದಿರುವುದಿಲ್ಲ, ವರ್ಷ ತುಂಬುವಾಗ ಈ ಪ್ರಮಾಣ ಶೇ. 1ರ ಆಸುಪಾಸಿಗೆ ಬರುತ್ತದೆ. ಆರು ತಿಂಗಳ ನಂತರವೂ ಇಳಿಯದಿದ್ದರೆ ತಾನಾಗಿ ಇಳಿಯುವ ಸಾಧ್ಯತೆ ಕಡಿಮೆ. ದೇಹದೊಳಗಿನ ಹೆಚ್ಚಿನ ಉಷ್ಣತೆಯಿಂದ ಮುಂದೆ ಸಂತಾನಶಕ್ತಿ ಕುಗ್ಗುವ ಮತ್ತು ಕ್ಯಾನ್ಸರಿನ ಅಪಾಯ ಹೆಚ್ಚುವ ಕಾರಣಕ್ಕೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವಂತೆ ವೈದ್ಯರು ಸಲಹೆ ನೀಡುತ್ತಾರೆ. ಚಡ್ಡಿ ಬಿಚ್ಚಿ ನೋಡದಿದ್ದರೆ ಇದು ತಿಳಿಯುವುದೇ ಇಲ್ಲ. ರಾಷ್ಟ್ರೀಯ ಕಾರ್ಯಕ್ರಮದ ಮೂಲ ಪಟ್ಟಿಯಲ್ಲಿ ಹೆಸರಿಸಿದ ಜನ್ಮದೋಷಗಳಲ್ಲಿ ಈ ದೋಷ ಸೇರಿಲ್ಲ. ಹೀಗಾಗಿ ಶಾಲೆಯಲ್ಲಿ ತಪಾಸಣೆ ಆಯಿತೆಂದು ನೆಮ್ಮದಿಪಡುವ ಪಾಲಕರಿಗೆ ಏನನ್ನು ನೋಡಿದರು ಎಂಬುದರಷ್ಟೇ ಏನನ್ನು ನೋಡಲಿಲ್ಲ ಎಂಬುದೂ ತಿಳಿದಿರಬೇಕು. ಎಂಟು ವರ್ಷ ತುಂಬುವ ಮೊದಲೇ ಹೆಣ್ಣುಮಗುವಿನಲ್ಲಿ, ಒಂಬತ್ತು ತುಂಬುವ ಮೊದಲೇ ಗಂಡುಮಗುವಿನಲ್ಲಿ ಪ್ರೌಢತೆಯ ಚಿಹ್ನೆಗಳು ಕಾಣಿಸಿಕೊಂಡರೂ ಅಷ್ಟೇ: ಕಾರಣ ಹುಡುಕಬೇಕಾದ ಆ ಸ್ಥಿತಿಯನ್ನು ನಾಚಿಕೆಯ ಮರೆಯಲ್ಲಿಟ್ಟರೆ ಚಿಕಿತ್ಸೆಯ ಕಾಲ ಮೀರುತ್ತದೆ.

ಕಾನೂನಿನ ಪ್ರಕಾರ ಒಪ್ಪಿಗೆಯ ಹಕ್ಕು ಯಾರದೆಂಬುದಕ್ಕೆ ಒಂದೇ ಸಾಲಿನ ಉತ್ತರವಿಲ್ಲ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮಿನಂತೆ, 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಸದ್ಭಾವನೆಯಿಂದ ಮಾಡುವ ಕಾರ್ಯಕ್ಕೆ ಪಾಲಕರು ಅಥವಾ ಮಗುವನ್ನು ಕಾನೂನುಬದ್ಧವಾಗಿ ತಮ್ಮ ವಶದಲ್ಲಿಟ್ಟುಕೊಂಡಿರುವವರು ಒಪ್ಪಿಗೆ ನೀಡಬಹುದು. ಅದು ಬಾಯಿಮಾತಿನಲ್ಲಿ ಹೇಳಿದ್ದಾಗಿರಬಹುದು, ಸಂದರ್ಭದಿಂದ ಊಹಿಸಬಹುದಾದದ್ದೂ ಆಗಿರಬಹುದು. ಶಾಲಾ ವೇಳೆಯಲ್ಲಿ ಮುಖ್ಯೋಪಾಧ್ಯಾಯರ ಮಾತೇ ಪಾಲಕರ ಮಾತೆಂದು ನಡೆದುಬಂದಿರುವ ರೂಢಿಗೆ ಈ ಕಲಮು ನೆಲೆ ಒದಗಿಸುವಂತೆ ಕಾಣುತ್ತದೆ. 28ನೆಯ ಕಲಮು 12 ವರ್ಷದೊಳಗಿನ ಮಗು ತಾನೇ ಕೊಟ್ಟ ಒಪ್ಪಿಗೆಯನ್ನು ಸಾಮಾನ್ಯವಾಗಿ ಒಪ್ಪಿಗೆಯೆಂದು ಎಣಿಸುವುದಿಲ್ಲ. ಇದರಿಂದಲೇ 12 ದಾಟಿದ ಮಗು ಸರಳವಾದ ದೇಹಪರೀಕ್ಷೆಗೆ ತಾನೇ ಒಪ್ಪಬಹುದೆಂಬ ತಿಳಿವಳಿಕೆ ವೈದ್ಯರಲ್ಲಿ ಬೆಳೆದಿದೆ. ಭಯದಿಂದ ಅಥವಾ ತಪ್ಪು ತಿಳಿವಳಿಕೆಯಿಂದ ಬಂದ ಒಪ್ಪಿಗೆಯೂ ಒಪ್ಪಿಗೆಯಲ್ಲವೆಂದು ಅದೇ ಕಲಮು ಹೇಳುವುದನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಇನ್ನು 2012ರ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ 41ನೆಯ ಕಲಮು, ವೈದ್ಯಕೀಯ ಪರೀಕ್ಷೆಗೆ ವಿನಾಯಿತಿ ಕೊಡುತ್ತದೆ. ಆದರೆ ಪಾಲಕರ ಅಥವಾ ಪೋಷಕರ ಒಪ್ಪಿಗೆಯಿಂದ ನಡೆದ ಪರೀಕ್ಷೆಗೆ ಮಾತ್ರ. ವಿನಾಯಿತಿಯನ್ನೇ ಪಾಲಕರ ಒಪ್ಪಿಗೆಗೆ ಕಟ್ಟಿಹಾಕಿರುವ ಈ ಮಾತು, ಊಹೆಯ ಒಪ್ಪಿಗೆಯನ್ನು ನೆಚ್ಚಿಕೊಂಡಿರುವ ವೈದ್ಯರಿಗೂ ಒಂದು ಎಚ್ಚರಿಕೆ.

ಪಾಲಕರ ಅಭಿಪ್ರಾಯಗಳು ಒಂದೇ ಬಗೆಯಲ್ಲಿಲ್ಲ. ಡಾಕ್ಟರ ಮುಂದೆ ನಾಚಿಕೆಯೇನು ಎನ್ನುವವರು ಒಂದು ಕಡೆ, ಹೆಣ್ಣುಮಗಳನ್ನು ಗಂಡು ಡಾಕ್ಟರು ಮುಟ್ಟಬಾರದು ಎನ್ನುವವರು ಇನ್ನೊಂದು ಕಡೆ. ‘ಅಲ್ಲಿ ಯಾರಿಗೂ ಮುಟ್ಟಲು ಬಿಡಬೇಡ’ ಎಂದು ಮಗುವಿಗೆ ಕಲಿಸಿದ ಮೇಲೆ ‘ಡಾಕ್ಟರು ಮುಟ್ಟಿದರೆ ಸುಮ್ಮನಿರು’ ಎಂದರೆ ಮಗು ಯಾವುದನ್ನು ನಂಬಬೇಕು ಎಂಬ ಗೊಂದಲದಲ್ಲಿರುವವರು ಇತ್ತೀಚೆಗೆ ಹೆಚ್ಚುತ್ತಿದ್ದಾರೆ. ಈ ಗೊಂದಲ ಗಂಭೀರವಾದದ್ದು. ಅಮೆರಿಕದಲ್ಲಿ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್, ಚಿಕಿತ್ಸೆಯ ಹೆಸರಿನಲ್ಲಿ ನೂರಾರು ಹುಡುಗಿಯರ ಮೇಲೆ ದೌರ್ಜನ್ಯವೆಸಗಿ 2018ರಲ್ಲಿ ದೀರ್ಘ ಶಿಕ್ಷೆಗೆ ಗುರಿಯಾದ. ಕೆಲವು ಸಂದರ್ಭಗಳಲ್ಲಿ ತಾಯಿಯೋ ತಂದೆಯೋ ಅದೇ ಕೋಣೆಯಲ್ಲಿದ್ದರು, ಆದರೆ ಅವರ ನೋಟಕ್ಕೆ ಅಡ್ಡವಾಗಿ ಅವನು ನಿಂತಿರುತ್ತಿದ್ದ. ಯಾವ ಪರೀಕ್ಷೆ, ಏಕೆ, ಹೇಗೆ ಎಂಬುದು ಮೊದಲೇ ತಿಳಿಯದಿದ್ದರೆ ಕೋಣೆಯಲ್ಲಿ ಪಾಲಕರು ಇದ್ದೂ ಇಲ್ಲದಂತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2011ರಲ್ಲೇ, ಪರೀಕ್ಷೆಯ ವೇಳೆ ಜೊತೆಗಿರಬೇಕಾದ ಮೂರನೆಯ ವ್ಯಕ್ತಿಯ ಬಗ್ಗೆ ನೀತಿ ಪ್ರಕಟಿಸಿ, ಮಗು ಚಿಕ್ಕದಿದ್ದರೆ ಪಾಲಕರು, ಹದಿಹರೆಯದವರಾದರೆ ಅವರ ಇಷ್ಟವನ್ನು ಕೇಳಿ ಶುಶ್ರೂಷಕಿಯೋ ಪಾಲಕರೋ ಜೊತೆಗಿರುವುದು ಸೂಕ್ತವೆಂದಿತ್ತು.

ಚೆಟ್ಟಳ್ಳಿಯಂಥ ತೋಟದ ಸೀಮೆಯಲ್ಲಿ ಪಾಲಕರನ್ನು ಕೇಳಬೇಕೆಂಬ ನಿಯಮವನ್ನು ಒಪ್ಪುವುದು ಸುಲಭ, ನಡೆಸುವುದು ಕಷ್ಟ. ಕಾಫಿ ಕೊಯ್ಲು ನವೆಂಬರಿನಿಂದ ಮಾರ್ಚಿನವರೆಗೆ ಎಳೆದುಕೊಂಡು ಹೋಗುವ ದಿನಗಳಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಯ ತಾಯಿಗೆ ಶಾಲೆಗೆ ಬರುವುದೆಂದರೆ ಒಂದು ದಿನದ ಕೂಲಿ ಬಿಡುವುದೇ ಸರಿ. ಚೀಟಿ ಕಳಿಸಿದರೆ ಅದು ಕನ್ನಡದಲ್ಲಿರುತ್ತದೆ. ಓದಬೇಕಾದವರ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಅಥವಾ ಜೇನುಕುರುಬರ ನುಡಿ ಆಗಿರಬಹುದು, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದವರಿಗೆ ಕನ್ನಡ ಅಕ್ಷರವೇ ಹೊಸತು. ಹೀಗಿರುವಾಗ ಸಹಿಯೋ ಹೆಬ್ಬೆಟ್ಟೋ ಬಿದ್ದ ಚೀಟಿ ಶಾಲೆಗೆ ಮರಳಿತೆಂದರೆ ಒಪ್ಪಿಗೆ ಸಿಕ್ಕಿತೆಂದು ತೀರ್ಮಾನಿಸುವುದು ಆತ್ಮವಂಚನೆ. ಬುಡಕಟ್ಟು ಜನರ ಹಾಡಿಯ ಮಕ್ಕಳು ಉಳಿದುಕೊಂಡು ಓದುವ ಆಶ್ರಮ ಶಾಲೆಗಳಲ್ಲಿ ಪಾಲಕರ ದೂರ ಇನ್ನೂ ಹೆಚ್ಚು. ಅಲ್ಲಿ ಮಗುವಿನ ಪರವಾಗಿ ಹೌದೆನ್ನುವವರು ಮೇಲ್ವಿಚಾರಕರು. ಇಂಥವರ ಮೇಲೆ ಅನುಮಾನಪಡಬೇಕಿಲ್ಲ, ಆದರೆ ಅಷ್ಟೂ ಮಕ್ಕಳಿಗೆ ಒಂದೇ ಸಲ ಹೌದೆನ್ನುವಾಗ ಒಬ್ಬೊಬ್ಬ ಮಗುವಿನ ವಿಷಯ ಯೋಚಿಸಲಾಗದು ಎಂಬುದನ್ನು ಒಪ್ಪಬೇಕು.

ಒಪ್ಪಿಗೆಯ ಪ್ರಶ್ನೆ ಬಟ್ಟೆ ಬಿಚ್ಚುವುದಕ್ಕೆ ಮಾತ್ರ ಸೀಮಿತವಲ್ಲ ಎಂಬುದನ್ನು ಕೊಡಗಿನಲ್ಲಿ ಸಿಕಲ್ ಸೆಲ್ ರಕ್ತಹೀನತೆಯ ತಪಾಸಣೆ ಚೆನ್ನಾಗಿ ತೋರಿಸುತ್ತದೆ. ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಾದ ಒಂದು ಬದಲಾವಣೆಯಿಂದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತೀವ್ರ ನೋವು ಮತ್ತು ರಕ್ತಹೀನತೆ ಉಂಟುಮಾಡುವ ಈ ಕಾಯಿಲೆಯನ್ನು ಭಾರತದಲ್ಲಿ ಮೊದಲು ವರದಿ ಮಾಡಿದ್ದು 1952ರಲ್ಲಿ, ಕೊಡಗಿಗೆ ದೂರವಲ್ಲದ ನೀಲಗಿರಿಯ ಬುಡಕಟ್ಟುಗಳಲ್ಲಿ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನವು ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿ ಇಟ್ಟುಕೊಂಡಿದ್ದು, ಫಲಿತಾಂಶವನ್ನು ನಮೂದಿಸಿದ ಕಾರ್ಡನ್ನೂ ಕೊಡುತ್ತದೆ. ಬೆರಳ ತುದಿಯಿಂದ ತೆಗೆಯುವ ಒಂದು ಹನಿ ರಕ್ತ ಯಾರ ನಾಚಿಕೆಯನ್ನೂ ಕೆಣಕುವುದಿಲ್ಲ. ಆದರೂ ಅಂಗಿ ಬಿಚ್ಚಿದಾಗ ತಿಳಿಯುವುದಕ್ಕಿಂತ ಹೆಚ್ಚಿನದನ್ನು ಅದು ಹೇಳಿಬಿಡುತ್ತದೆ. ದೋಷದ ಒಂದೇ ಪ್ರತಿಯಿರುವ ಮಗು ವಾಹಕ ಮಾತ್ರ, ರೋಗಿಯಲ್ಲ. ಹಾಗಿದ್ದೂ ತಾಯಿ ಅಥವಾ ತಂದೆಯಲ್ಲೂ ಆ ದೋಷವಿದೆ ಎಂಬುದನ್ನು, ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲೊಂದು ಪಾಲು ರೋಗದ ಸಾಧ್ಯತೆಯಿದೆ ಎಂಬುದನ್ನು ಆ ಹನಿ ಬಯಲು ಮಾಡುತ್ತದೆ. ಎಂಟು ವರ್ಷದ ಹುಡುಗಿಯ ಕಾರ್ಡು ಹತ್ತು ವರ್ಷಗಳ ನಂತರ ಅವಳ ಮದುವೆಯ ಮಾತುಕತೆಯಲ್ಲಿ ಕಾಣಿಸಿಕೊಳ್ಳಬಹುದು. ಕಾಯಿಲೆಯನ್ನು ಬೇಗ ಪತ್ತೆಹಚ್ಚುವುದರಿಂದ ಜೀವ ಉಳಿಯುತ್ತದೆಯಾದ್ದರಿಂದ ತಪಾಸಣೆ ಬೇಕೇ ಬೇಕು. ರಕ್ತ ತೆಗೆಯುವ ಮೊದಲು ಇಷ್ಟನ್ನು ಮನೆಯವರಿಗೆ ಅವರ ನುಡಿಯಲ್ಲಿ ಹೇಳಬೇಕಾದದ್ದೂ ಅಷ್ಟೇ ಅಗತ್ಯ.

ಕೇಳಿದರೆ ಜನ ಬೇಡವೆಂದಾರು ಎಂಬ ಅಳುಕು ಆರೋಗ್ಯ ಇಲಾಖೆಗಳಲ್ಲಿ ಹಳೆಯದು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದಾಗ ವಾಟ್ಸಾಪಿನ ವದಂತಿಗಳಿಗೆ ಹೆದರಿ ಹಲವು ಪಾಲಕರು ಹಿಂದೆ ಸರಿದದ್ದು ಈ ಅಳುಕಿಗೆ ಬಲ ಕೊಟ್ಟಿತು. ಆದರೆ ಅದೇ ಅಭಿಯಾನ ದೆಹಲಿಗೆ ಬಂದಾಗ, ಪಾಲಕರ ಒಪ್ಪಿಗೆಯ ಅಗತ್ಯವಿಲ್ಲವೆಂಬ ನಿಲುವನ್ನು ದೆಹಲಿ ಉಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಒಪ್ಪಲಿಲ್ಲ. ವದಂತಿ ಹಬ್ಬುವುದು ಮಾಹಿತಿ ಇಲ್ಲದ ಕಡೆ. ಕೇಳದೆ ಮಾಡಿದ ಒಳ್ಳೆಯ ಕೆಲಸವೂ ವದಂತಿಗೆ ಮೇವಾಗುತ್ತದೆ ಎಂಬುದೇ ಆ ಅನುಭವದಿಂದ ತೆಗೆಯಬೇಕಾದ ಸರಿಯಾದ ಅರ್ಥ.

ಪಾಲಕರು ಒಪ್ಪಿದರೂ ಮಗುವಿನ ಮಾತು ಉಳಿದೇ ಇರುತ್ತದೆ. ಭಾರತವು 1992ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ಪಕ್ವತೆಗೆ ತಕ್ಕಂತೆ ಅದಕ್ಕೆ ಬೆಲೆ ಸಿಗಬೇಕು ಎನ್ನುತ್ತದೆ. ಕಾನೂನಿನ ತೂಕವಿಲ್ಲದಿದ್ದರೂ ಮಗುವಿನಿಂದ ಪಡೆಯಬೇಕಾದ ಈ ಒಪ್ಪುವಿಕೆಯನ್ನು ವೈದ್ಯಕೀಯ ನೀತಿಶಾಸ್ತ್ರವು ಮಗುವಿನ ಸಮ್ಮತಿಯೆಂದು ಪಾಲಕರ ಅನುಮತಿಯಿಂದ ಬೇರೆಯಾಗಿ ಎಣಿಸುತ್ತದೆ. ಆರು ವರ್ಷದ ಮಗುವಿಗೆ ‘ಈಗ ನಿನ್ನ ಹೊಟ್ಟೆ ಒತ್ತಿ ನೋಡ್ತೀನಿ, ನೋವಾದರೆ ಹೇಳು’ ಎನ್ನುವುದು ಇದರ ಆರಂಭ. ಹದಿಮೂರರ ಹುಡುಗಿಯನ್ನು ಮುಟ್ಟಿನ ಏರುಪೇರಿನ ಬಗ್ಗೆ ಕೇಳುವಾಗ ಸಾಲಿನಲ್ಲಿ ಹಿಂದೆ ನಿಂತ ಸಹಪಾಠಿಗಳ ಕಿವಿಗೆ ಉತ್ತರ ಬೀಳದಂತೆ ನೋಡಿಕೊಳ್ಳುವುದೂ ಇದೇ ತತ್ತ್ವದ ಭಾಗ. ಮಗು ಬೇಡವೆಂದರೆ, ತುರ್ತಿಲ್ಲದ ತಪಾಸಣೆಯಲ್ಲಿ, ಆ ಭಾಗವನ್ನು ಬಿಟ್ಟು, ಬಿಟ್ಟೆವೆಂದು ಚೀಟಿಯಲ್ಲಿ ಬರೆದು, ಪಾಲಕರೊಂದಿಗೆ ಆಸ್ಪತ್ರೆಗೆ ಬರಹೇಳಬಹುದು. ಕೈಕಾಲು ಹಿಡಿದು ಪರೀಕ್ಷಿಸುವ ಅಗತ್ಯ ಯಾವ ಮಾರ್ಗಸೂಚಿಯಿಂದಲೂ ಹುಟ್ಟುವುದಿಲ್ಲ.

ಇದಕ್ಕೆಲ್ಲ ಹೊಸ ಕಾಯ್ದೆಯಾಗಲಿ ದೊಡ್ಡ ಖರ್ಚಾಗಲಿ ಬೇಕಿಲ್ಲ. ಪ್ರತಿ ಸರ್ಕಾರಿ ಶಾಲೆಯಲ್ಲೂ ಪಾಲಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ; ತಪಾಸಣಾ ತಂಡದ ದಿನಾಂಕವನ್ನು ಆ ಸಮಿತಿಯ ಸಭೆಯಲ್ಲಿ ಮೊದಲೇ ತಿಳಿಸಿ, ಯಾವ ಯಾವ ಅಂಗ ನೋಡುತ್ತಾರೆ, ಬಟ್ಟೆ ಎಷ್ಟು ಸರಿಸುತ್ತಾರೆ, ರಕ್ತ ತೆಗೆಯುತ್ತಾರೆಯೇ, ಫಲಿತಾಂಶ ಯಾರ ಕೈ ಸೇರುತ್ತದೆ ಎಂಬುದನ್ನು ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯ ಬಾಯಿಂದ ಲೈನ್ ಮನೆಗಳಿಗೂ ಹಾಡಿಗಳಿಗೂ ಆಯಾ ನುಡಿಯಲ್ಲಿ ಮುಟ್ಟಿಸಬಹುದು; ತೋಟದ ಬಟವಾಡೆಯ ದಿನ ಇದಕ್ಕೆ ಒಳ್ಳೆಯ ಸಮಯ. ತರಗತಿಯ ಒಂದು ಮೂಲೆಗೆ ಪರದೆ ಕಟ್ಟಿಸಿ, ಹೆಣ್ಣುಮಕ್ಕಳನ್ನು ವೈದ್ಯೆಯೇ ನೋಡುವಂತೆ, ಜೊತೆಗೆ ಶಿಕ್ಷಕಿಯೊಬ್ಬರು ಇರುವಂತೆ ಕೇಳುವುದು ಸಮಿತಿಯ ಅಧಿಕಾರದೊಳಗಿನ ಮಾತು. ಶಾಲೆ ಆರಂಭವಾದ ಮೇಲಿನ ಮೊದಲ ಸಭೆಯಲ್ಲೇ ಪಾಲಕರು ಈ ವಿಷಯವನ್ನು ಎತ್ತಿ, ನಡಾವಳಿಯಲ್ಲಿ ಬರೆಸಬೇಕು.