ಮಾಸ್ತರರ ಗಂಟೆಯಿಂದ ಬೆಳೆದ ಕಾರ್ಖಾನೆ

ನಮ್ಮಂತೆಯೇ ರಾಜ್ಯದ ಗಡಿಯಾಚೆ ಉಳಿದ ಕನ್ನಡದ ಊರುಗಳಲ್ಲಿ ಹೇಮಾವತಿಯೂ ಒಂದು. ಆಂಧ್ರದ ಮಡಕಶಿರಾ ಕಡೆಯ ಈ ಹಳ್ಳಿ ಒಂದು ಕಾಲದಲ್ಲಿ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿನ ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳ ಕೆತ್ತನೆಯನ್ನು ಬಲ್ಲವರು ಹೊಗಳುತ್ತಾರೆ. ನಾವಿಲ್ಲಿ ಹೇಳಬೇಕೆಂದಿರುವುದು ಅವುಗಳ ಇನ್ನೊಂದು ಉಪಕಾರವನ್ನು. ಕಿಂಡಿಗಳಿಂದ ಬೆಳಕು ಸೋಸಿ ಬರುತ್ತದೆ, ಗಾಳಿಯೂ ಆಡುತ್ತದೆ. ದಪ್ಪ ಕಲ್ಲಿನ ಗೋಡೆ ಹಗಲಿನ ಬಿಸಿಯನ್ನು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಒಳಗಿನ ಹವೆ ಹೇಗಿರಬೇಕೆಂಬುದನ್ನು ಶಿಲ್ಪಿ ಒಂದೇ ಸಲಕ್ಕೆ ತೀರ್ಮಾನಿಸಿಬಿಟ್ಟಿದ್ದಾನೆ.

ಅದನ್ನು ಗಳಿಗೆಗಳಿಗೆಗೂ ತಿದ್ದುತ್ತಿರಬೇಕು ಎಂಬ ಯೋಚನೆಯಿಂದ ದೊಡ್ಡ ಉದ್ಯಮವೊಂದು ಹುಟ್ಟಿದ್ದು ಬಹು ದೂರದ ಚಳಿನಾಡಿನಲ್ಲಿ. ಹುಟ್ಟಿಸಿದವರು ವ್ಯಾಪಾರಿಯಲ್ಲ, ಒಬ್ಬ ಮಾಸ್ತರರು. ಮಾಸ್ತರರನ್ನು ಮನೆಯ ಹಿರಿಯರಂತೆ ಕಾಣುವ ನಮ್ಮ ಓದುಗರಿಗೆ ಈ ಕತೆ ಹಿಡಿಸೀತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ಶಿಕ್ಷಕರ ತರಬೇತಿ ಶಾಲೆಯೊಂದಿತ್ತು. ಅಲ್ಲಿ ಪಾಠ ಹೇಳುತ್ತಿದ್ದವರು ವಾರನ್ ಜಾನ್ಸನ್. ಶಾಲೆಗೆ ಶಾಖ ಬರುತ್ತಿದ್ದುದು ನೆಲಮಾಳಿಗೆಯ ಕುಲುಮೆಯಿಂದ. ಯಾವ ಕೋಣೆಗೆ ಎಷ್ಟು ಬಿಸಿ ಬೇಕೆಂದು ತಿಳಿಯಲು ಜವಾನನು ತರಗತಿಯಿಂದ ತರಗತಿಗೆ ಸುತ್ತಿ, ಉಷ್ಣಮಾಪಕ ನೋಡಿ, ಮತ್ತೆ ಕೆಳಗಿಳಿದು ಗಾಳಿಯ ಬಾಗಿಲುಗಳನ್ನು ತೆರೆಯಬೇಕು ಇಲ್ಲವೇ ಮುಚ್ಚಬೇಕು. ಪಾಠದ ನಡುವೆ ಬಾಗಿಲು ಕಿರುಗುಟ್ಟಿದರೆ ಮಕ್ಕಳ ಕಣ್ಣೆಲ್ಲ ಅತ್ತ. ಅವನು ಬರುವುದು ತಡವಾದರೆ ಮಕ್ಕಳು ನಡುಗಬೇಕು ಅಥವಾ ಬೇಯಬೇಕು.

ಜಾನ್ಸನ್ ಮಾಸ್ತರರು ಹುಡುಕಿದ ಪರಿಹಾರ ಸರಳ. ಎರಡು ಬಗೆಯ ಲೋಹದ ಪಟ್ಟಿಗಳನ್ನು ಬೆಸೆದರೆ, ಬಿಸಿಗೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆದುದರಿಂದ ಜೋಡಿಪಟ್ಟಿ ಬಾಗುತ್ತದೆ. ಬಾಗಿದ ಪಟ್ಟಿ ವಿದ್ಯುತ್ತಿಗೆ ದಾರಿ ಮಾಡಿಕೊಟ್ಟರೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುತ್ತದೆ. ಜವಾನನು ಅಲ್ಲಿಂದಲೇ ಬಾಗಿಲು ಸರಿಪಡಿಸಬಹುದು. 1883ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಮಿಲ್ವಾಕಿ ನಗರದ ಧನಿಕ ವಿಲಿಯಂ ಪ್ಲಾಂಕಿಂಟನ್ ಬಂಡವಾಳ ಹಾಕಿದರು. 1885ರಲ್ಲಿ ಕಂಪೆನಿ ನಿಂತಿತು. ಮಾಸ್ತರಿಕೆ ಅಲ್ಲಿಗೆ ಮುಗಿಯಿತು.

ಅಷ್ಟರತನಕ ಜವಾನನ ಕೆಲಸಕ್ಕೆ ಸಂಚಕಾರವಿರಲಿಲ್ಲ, ಉಳಿದದ್ದು ಕಾಲ್ನಡಿಗೆ ಮಾತ್ರ. 1895ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯೇ ಬೇರೆ. ಅದುಮಿದ ಗಾಳಿಯನ್ನು ಸಣ್ಣ ಕೊಳವೆಗಳಲ್ಲಿ ಹರಿಸಿ, ಒಂದೊಂದು ಕೋಣೆಯ ಶಾಖವನ್ನೂ ಯಂತ್ರವೇ ತಿದ್ದುವಂತಾಯಿತು. ಗಂಟೆಯೂ ಬೇಡ, ಕೈಯೂ ಬೇಡ. ಕಂಪೆನಿಯ ನಿಜವಾದ ಬುನಾದಿ ಇದೇ ಎನ್ನಬೇಕು.

ಆದರೆ ಜಾನ್ಸನ್‌ರಿಗೆ ಒಂದೇ ಕಡೆ ಕೂತು ಗೊತ್ತಿಲ್ಲ. ಗೋಪುರದ ಗಡಿಯಾರ ಮಾಡಿದರು, ಮೋಟಾರು ಗಾಡಿ ಮಾಡಿದರು. 1904ರ ಸೇಂಟ್ ಲೂಯಿ ಪ್ರದರ್ಶನದಲ್ಲಿ 112 ಅಡಿ ಅಗಲದ ಹೂವಿನ ಗಡಿಯಾರದ ಮುಳ್ಳುಗಳನ್ನು ತಿರುಗಿಸಿದ್ದೂ ಅವರ ಅದುಮಿದ ಗಾಳಿಯೇ! 1911ರಲ್ಲಿ ಅವರು ತೀರಿಕೊಂಡ ಮೇಲೆ ಬಂದವರು ಈ ಹವ್ಯಾಸಗಳನ್ನೆಲ್ಲ ಕೈಬಿಟ್ಟು ಕಟ್ಟಡಗಳ ಹವೆಯೊಂದನ್ನೇ ಹಿಡಿದುಕೊಂಡರು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ. ಮಾಸ್ತರರಿಗೆ ಒಪ್ಪಿಗೆಯಾಗುತ್ತಿತ್ತೋ ಏನೋ.

ಅದೇ 1885ರಲ್ಲಿ ಮಿನ್ನಿಯಾಪೊಲಿಸಿನ ಆಲ್ಬರ್ಟ್ ಬುಟ್ಜ್ ಎಂಬವರು ಕುಲುಮೆಯ ಗಾಳಿಬಾಗಿಲನ್ನು ತಾನಾಗಿ ಆಡಿಸುವ ಸಾಧನ ಮಾಡಿದರು. ಹನಿವೆಲ್ ಕಂಪೆನಿಯ ಬೇರು ಅಲ್ಲಿದೆ. ಆ ಹೆಸರು 1980ರ ದಶಕದಲ್ಲಿ ಟಾಟಾದವರ ಜೊತೆಗೂಡಿ ಪುಣೆಗೆ ಬಂತು. ಜಾನ್ಸನ್‌ರ ಕಂಪೆನಿ 1972ರಲ್ಲಿ ಕಟ್ಟಡ ನೋಡಿಕೊಳ್ಳುವ ಸಣ್ಣ ಕಂಪ್ಯೂಟರನ್ನು ತಂದಿತು. 1974ರಲ್ಲಿ ಜಾನ್ಸನ್ ಕಂಟ್ರೋಲ್ಸ್ ಎಂದು ಹೆಸರಾಯಿತು. ನಡುವೆ ಬ್ಯಾಟರಿ, ಕಾರಿನ ಸೀಟು ಎಂದು ಸುತ್ತಾಡಿ, 2016ರಲ್ಲಿ ಟೈಕೊ ಕಂಪೆನಿಯೊಂದಿಗೆ ಕೂಡಿ, 2019ರಲ್ಲಿ ಬ್ಯಾಟರಿಯನ್ನೂ ಮಾರಿ ಮತ್ತೆ ಕಟ್ಟಡಕ್ಕೇ ಬಂದು ನಿಂತಿದೆ.

ಬೆಂಗಳೂರಿನ ದೊಡ್ಡ ಗಾಜಿನ ಕಟ್ಟಡಗಳಲ್ಲಿ ದುಡಿಯುವ ನಮ್ಮೂರ ಮಕ್ಕಳು ಇಂಥ ಯಂತ್ರಗಳ ಆಶ್ರಯದಲ್ಲೇ ಕುಳಿತಿರುತ್ತಾರೆ. ಕೋಣೆಯಲ್ಲಿ ಎಷ್ಟು ಜನ ಉಸಿರಾಡಿದರು ಎಂಬುದನ್ನು ಇಂಗಾಲಾಮ್ಲದ ಪ್ರಮಾಣದಿಂದಲೇ ಅಳೆದು ಹೊರಗಿನ ಗಾಳಿ ಬಿಡುವ ಉಪಕರಣಗಳೂ ಈಗ ಇವೆ. ಇಷ್ಟೆಲ್ಲ ಆರಂಭವಾದದ್ದು ಒಂದು ತರಗತಿಯ ಮಕ್ಕಳಿಗಾಗಿ. ನಮ್ಮ ಕಡೆಯ ಶಾಲೆಗಳಿಗೆ ಕುಲುಮೆ ಬೇಡ, ಅಂಥ ಯಂತ್ರ ಕೊಳ್ಳುವ ಶಕ್ತಿಯೂ ಇಲ್ಲ. ಆದರೆ ಹೆಂಚು ತೆಗೆದು ಕಾಂಕ್ರೀಟ್ ಹಾಕಿದ ಕೋಣೆಯಲ್ಲಿ ಮಾರ್ಚಿಯ ಪರೀಕ್ಷೆ ಬರೆಯುವ ಮಗುವಿನ ಬೆವರು ಉತ್ತರಪತ್ರಿಕೆಯ ಮೇಲೆ ಬೀಳುತ್ತದೆ. ಹೊಸ ಕಟ್ಟಡದ ನಕ್ಷೆ ರಕ್ಷಕ ಶಿಕ್ಷಕ ಸಂಘದ ಸಭೆಗೆ ಬಂದಾಗ ಖರ್ಚಿನ ಲೆಕ್ಕವನ್ನಷ್ಟೇ ಓದಿ ಸಹಿ ಹಾಕುವುದುಂಟು. ಕಿಟಕಿಗಳು ಎದುರುಬದುರಾಗಿವೆಯೇ, ಮಾಡಿನಡಿಯ ಬಿಸಿಗಾಳಿ ಹೊರಹೋಗಲು ಕಿಂಡಿ ಇದೆಯೇ ಎಂದು ಹೆತ್ತವರು ಆ ಸಭೆಯಲ್ಲೇ ಕೇಳಬೇಕು. ಮಾಡು ಎರಕವಾದ ಮೇಲೆ ಕೇಳಿ ಫಲವಿಲ್ಲ.