ಪೇಟಿಯ ತಿದಿ ಸೋರಿದಾಗ

ಕಳೆದ ಮಳೆಗಾಲದ ಒಂದು ಶನಿವಾರ ಸಂಘದ ಭಜನೆಗೆ ಕುಳಿತಾಗ ನಮ್ಮ ಹಳೆಯ ಹಾರ್ಮೋನಿಯಂ ಏದುಸಿರು ಬಿಡತೊಡಗಿತು. ಪದದ ಒಂದು ಸಾಲು ಮುಗಿಯುವುದರೊಳಗೆ ಸ್ವರ ಕುಗ್ಗುತ್ತಿತ್ತು. ರಿಪೇರಿಯವನೊಬ್ಬ ಮೇಲಿಂದಲೇ ನೋಡಿ, ತಿದಿಯನ್ನು ಪೂರ್ತಿ ಬದಲಿಸಬೇಕೆಂದ. ನಾವು ವಂತಿಗೆಯ ಪಟ್ಟಿ ಬರೆಯಲು ಕುಳಿತೆವು. ಆಗ, ಚಿಕ್ಕಂದಿನಲ್ಲಿ ನಾಟಕ ಕಂಪನಿಯ ಪೇಟಿ ಮಾಸ್ತರರ ಬಳಿ ಕಲಿತ ಹಿರಿಯರೊಬ್ಬರು, "ತಡೀರಪ್ಪಾ, ಗಾಳಿ ಎಲ್ಲಿ ಹೋಗ್ತದ ಮೊದಲು ನೋಡೋಣ" ಎಂದರು.

ಪೇಟಿಯಲ್ಲಿ ತಿದಿಗಳು ಎರಡು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಕೈಯಿಂದ ಒತ್ತುವುದು ಹೊರಗಿನದು. ಅದು ತಳ್ಳಿದ ಗಾಳಿ ಚರ್ಮದ ಕವಾಟವನ್ನು ದಾಟಿ ಒಳಗಿನ ತಿದಿಯಲ್ಲಿ ತುಂಬುತ್ತದೆ. ಅಲ್ಲಿನ ಸ್ಪ್ರಿಂಗು ಅದನ್ನು ಒಂದೇ ಸಮನೆ ರೀಡುಗಳಿಗೆ ಒತ್ತುತ್ತದೆ. 1840ರ ದಶಕದಲ್ಲಿ ಪ್ಯಾರಿಸಿನ ದೆಬೇನ್ ಹೆಸರಿಟ್ಟ ವಾದ್ಯವನ್ನು ಕಾಲಿನಿಂದ ತುಳಿಯಬೇಕಿತ್ತು. ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿ ಅದೇ ಶತಮಾನದಲ್ಲಿ ಕಲ್ಕತ್ತೆಯಲ್ಲಿ ರೂಪುಗೊಂಡಿತು.

ಹಿರಿಯರು ಸ್ಟಾಪುಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಕೈಬಿಟ್ಟು ಎಣಿಸಿದರು. ಹೀಗೆ ಮುಚ್ಚಿದಾಗ ಗಾಳಿ ನಿಂತು, ತೆರೆದಾಗ ಮಾತ್ರ ಇಳಿದರೆ ದೋಷ ಮನೆಗಳ ಕೆಳಗಿನ ಮೆತ್ತೆಗಳದು. ತಿದಿಯ ಮೇಲೆ ಅಪವಾದ ಹೊರಿಸಬಾರದು. ನಮ್ಮದು ಮುಚ್ಚಿದರೂ ಇಳಿಯಿತು. ಊದುಬತ್ತಿಯನ್ನು ಮಡಿಕೆಗಳಿಂದ ತುಸು ದೂರ ಹಿಡಿದು ಒತ್ತುತ್ತ ಹೋದಂತೆ, ಹೊರ ತಿದಿಯ ಒಂದು ಮೂಲೆಯಲ್ಲಿ ಹೊಗೆ ಚದುರಿತು. ರಟ್ಟು ಗಟ್ಟಿಯಾಗಿಯೇ ಇತ್ತು. ಮೂಲೆಯ ಚರ್ಮ ಮಾತ್ರ ಒಣಗಿ ಸೀಳಿತ್ತು. ಮಡಿಕೆ ಹೆಚ್ಚು ಬಳಲುವುದು ಮೂಲೆಯಲ್ಲೇ. ಆರು ಮೂಲೆಯ ಇಂಗ್ಲಿಷ್ ಕನ್ಸರ್ಟಿನಾದವರ ಕಷ್ಟ ನಮಗಿಂತ ಹೆಚ್ಚು!

ತೇಪೆಗೆ ತೆಳುವಾದ ಮೆದು ಕುರಿಚರ್ಮ ಬೇಕು. ಅಂಚನ್ನು ಚಾಕುವಿನಿಂದ ಹೆರೆದು ಇನ್ನೂ ತೆಳುಮಾಡದಿದ್ದರೆ ಮಡಿಕೆ ಪೂರ್ತಿ ಮುಚ್ಚುವುದಿಲ್ಲ. ಅಂಟಿಗೆ ಬಡಗಿಗಳ ಸರೇಸು ಉತ್ತಮ. ಬಿಸಿ ಮತ್ತು ತೇವ ಕೊಟ್ಟರೆ ಮುಂದೊಮ್ಮೆ ಬಿಡಿಸಬಹುದು. ಸೈಕಲ್ ಪಂಕ್ಚರಿನ ಅಂಟು, ಸೆಲೋಟೇಪು ಇವನ್ನು ದಯವಿಟ್ಟು ಮುಟ್ಟಬೇಡಿ. ಹಿಂದೊಮ್ಮೆ ನಾವೇ ಹಚ್ಚಿದ್ದ ಟೇಪನ್ನು ಕೆರೆಯುವುದರಲ್ಲೇ ಅರ್ಧ ದಿನ ಕಳೆಯಿತು. ಅಂಟು ಆರುವಾಗ ತಿದಿ ಅರೆ ತೆರೆದಿರಲಿ, ಮಡಿಕೆಗಳು ಒಂದಕ್ಕೊಂದು ಹತ್ತದಂತೆ ನಡುವೆ ಮೇಣದ ಕಾಗದವಿರಲಿ.

ರಟ್ಟೇ ಮಡಿಕೆಯುದ್ದಕ್ಕೂ ಬಿರಿದಿದ್ದರೆ, ಚರ್ಮ ಬೆರಳಿಗೆ ಪುಡಿಯಾಗಿ ಉದುರಿದರೆ, ತೇಪೆಯ ಆಸೆ ಬಿಟ್ಟು ಹೊಸ ತಿದಿ ಹಾಕಿಸಬೇಕು. ಆಗಲೂ ಹಳೆಯ ರೀಡುಗಳನ್ನು ಬದಲಿಸಲು ಒಪ್ಪಬೇಡಿ. ಪೇಟಿಯ ದನಿ ಇರುವುದು ಅವುಗಳಲ್ಲಿ.

ನಮ್ಮ ಪೇಟಿ ಮುಂದಿನ ಶನಿವಾರವೇ ಭಜನೆಗೆ ಬಂತು. ಈಗ ಅದನ್ನು ತೇವದ ಗೋಡೆಯಿಂದ ದೂರ, ಹಲಗೆಯ ಮೇಲೆ ಇಡುತ್ತಿದ್ದೇವೆ.